ವಾಣಿಜ್ಯ ಕರಾರು ಮತ್ತು ವಕೀಲರ ನೇಮಕ (ಭಾರತ)

ವ್ಯಾಪಾರಸ್ಥರು ಕರಾರುಪತ್ರ ಬರೆಸಲು, ಎದುರು ಪಕ್ಷದವರು ಕೊಟ್ಟ ಕರಡನ್ನು ಪರಿಶೀಲಿಸಲು ಮತ್ತು ಕರಾರು ಮುರಿದುಬಿದ್ದಾಗ ವ್ಯಾಜ್ಯ ನಡೆಸಲು ವಕೀಲರನ್ನು ನೇಮಿಸಿಕೊಳ್ಳುತ್ತಾರೆ. ಭಾರತದಲ್ಲಿ ಈ ವ್ಯವಹಾರ ಮುಖ್ಯವಾಗಿ ಭಾರತೀಯ ಕರಾರು ಕಾಯ್ದೆ (1872), ವಕೀಲರ ಕಾಯ್ದೆ (1961), ಆರ್ಬಿಟ್ರೇಷನ್ ಕಾಯ್ದೆ (1996) ಮತ್ತು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗಳ (2015) ಚೌಕಟ್ಟಿನಲ್ಲಿ ನಡೆಯುತ್ತದೆ. ವ್ಯಾಜ್ಯ ಎಲ್ಲಿ ನಡೆಯಬೇಕು, ಯಾರ ಮುಂದೆ ನಡೆಯಬೇಕು, ಎಷ್ಟು ಪರಿಹಾರ ಕೇಳಬಹುದು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಸಹಿ ಬೀಳುವಾಗಲೇ ತೀರ್ಮಾನವಾಗಿರುತ್ತವೆ. ಆದ್ದರಿಂದ ವಕೀಲರ ಕೆಲಸದ ಮುಖ್ಯ ಭಾಗ ಸಹಿಗೆ ಮುಂಚಿನದು.

ಕಾನೂನಿನ ಹಿನ್ನೆಲೆ

ಕರಾರು ಕಾಯ್ದೆ 1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಸರಕು ಮಾರಾಟ ಮತ್ತು ಪಾಲುದಾರಿಕೆಯ ಅಧ್ಯಾಯಗಳು ಮೊದಲು ಇದರಲ್ಲೇ ಇದ್ದವು. ಮುಂದೆ ಅವು ಕ್ರಮವಾಗಿ 1930 ಮತ್ತು 1932ರಲ್ಲಿ ಪ್ರತ್ಯೇಕ ಕಾಯ್ದೆಗಳಾದವು. ಕಾಯ್ದೆಯ 10ನೇ ಕಲಮಿನಂತೆ ಕರಾರಿಗೆ ಮುಕ್ತ ಸಮ್ಮತಿ, ಅರ್ಹ ಪಕ್ಷಗಳು, ನ್ಯಾಯಬದ್ಧ ಪ್ರತಿಫಲ ಮತ್ತು ಉದ್ದೇಶ ಇರಬೇಕು. ಅಪ್ರಾಪ್ತ ವಯಸ್ಕನ ಕರಾರು ಮೊದಲಿನಿಂದಲೇ ಅಸಿಂಧು ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹರಿ ಬೀಬಿ ಪ್ರಕರಣದಲ್ಲಿ ಹೇಳಿತು.

ಬಾಯಿಮಾತಿನ ಕರಾರಿಗೂ ಸಾಮಾನ್ಯವಾಗಿ ಕಾನೂನಿನ ಮಾನ್ಯತೆಯಿದೆ. ತೊಡಕು ಬರುವುದು ಅದನ್ನು ಸಾಬೀತುಪಡಿಸುವಾಗ. ಇಮೇಲ್ ವಿನಿಮಯದಿಂದಲೂ ಕರಾರು ಏರ್ಪಡಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಟ್ರೈಮೆಕ್ಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು.

ಕರಡಿನ ಹಂತ

ಕರ್ನಾಟಕದಲ್ಲಿ ಉಪನೋಂದಣಾಧಿಕಾರಿ ಕಚೇರಿಗಳ ಸುತ್ತ ಕೆಲಸ ಮಾಡುವ ಪತ್ರಬರಹಗಾರರು ಕ್ರಯಪತ್ರ, ಬಾಡಿಗೆ ಕರಾರುಗಳನ್ನು ಬರೆದುಕೊಡುವುದು ರೂಢಿ. ಸರಕು ಪೂರೈಕೆ, ಫ್ರಾಂಚೈಸಿ, ಸಾಫ್ಟ್‌ವೇರ್ ಸೇವೆ, ಷೇರುದಾರರ ಒಪ್ಪಂದದಂಥ ದಾಖಲೆಗಳಿಗೆ ಸಿದ್ಧ ನಮೂನೆ ಸಾಲದು. ವಿದೇಶಿ ನಮೂನೆಯನ್ನು ಹಾಗೆಯೇ ನಕಲು ಮಾಡಿದರೆ ಇಲ್ಲಿ ನಿಲ್ಲದ ಷರತ್ತುಗಳೂ ಒಳಗೆ ಸೇರುತ್ತವೆ. ಉದಾಹರಣೆಗೆ, ಕೆಲಸ ಬಿಟ್ಟ ನೌಕರ ಪ್ರತಿಸ್ಪರ್ಧಿ ಸಂಸ್ಥೆಗೆ ಸೇರಕೂಡದೆಂಬ ಷರತ್ತು 27ನೇ ಕಲಮಿನಡಿ ಅಸಿಂಧು. ವ್ಯಾಪಾರದ ಗುಡ್‌ವಿಲ್ ಮಾರಿದವರ ಮೇಲೆ ಹಾಕುವ ನ್ಯಾಯೋಚಿತ ನಿರ್ಬಂಧ ಮಾತ್ರ ಆ ಕಲಮಿನಲ್ಲೇ ಹೇಳಿರುವ ವಿನಾಯಿತಿ.

ಈ ಹಂತದಲ್ಲಿ ವಕೀಲರು ಮೊದಲು ಎದುರು ಪಕ್ಷದ ಸ್ವರೂಪ ನೋಡುತ್ತಾರೆ. ಸಹಿ ಮಾಡುವವರಿಗೆ ಕಂಪನಿಯ ಪರವಾಗಿ ಅಧಿಕಾರ ಇದೆಯೇ, ಪಾಲುದಾರಿಕೆ ಸಂಸ್ಥೆ ನೋಂದಣಿಯಾಗಿದೆಯೇ ಎಂಬುದು ಮುಖ್ಯ. ನೋಂದಣಿಯಾಗದ ಸಂಸ್ಥೆ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ ಎನ್ನುತ್ತದೆ ಪಾಲುದಾರಿಕೆ ಕಾಯ್ದೆಯ 69ನೇ ಕಲಮು. ಕರಾರಿನಲ್ಲಿ ನಮೂದಿಸಿದ ದಂಡದ ಮೊತ್ತವೂ ತಾನಾಗಿ ಕೈಸೇರದು. ಕರಾರು ಕಾಯ್ದೆಯ 74ನೇ ಕಲಮಿನಂತೆ ಆ ಮೊತ್ತ ಗರಿಷ್ಠ ಮಿತಿ. ಅದರೊಳಗೆ ನ್ಯಾಯೋಚಿತ ಪರಿಹಾರವಷ್ಟೇ ದೊರೆಯುತ್ತದೆ. ನಷ್ಟವೇ ಆಗದಿದ್ದರೆ ಮುಂಗಡ ಹಣ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ ಎಂದು ಕೈಲಾಶ್‌ನಾಥ್ ಪ್ರಕರಣದಲ್ಲಿ (2015) ಸುಪ್ರೀಂ ಕೋರ್ಟ್ ತೀರ್ಪು ನೀಡಿತು.

ಮುದ್ರಾಂಕ ಶುಲ್ಕದ ಕೊರತೆ ಇನ್ನೊಂದು ದುಬಾರಿ ಲೋಪ. ಕರ್ನಾಟಕ ಸ್ಟಾಂಪ್ ಕಾಯ್ದೆಯ (1957) 34ನೇ ಕಲಮಿನಂತೆ ಕಡಿಮೆ ಛಾಪಾ ಶುಲ್ಕದ ದಾಖಲೆಯನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ನ್ಯಾಯಾಲಯದಲ್ಲಿ ಅದನ್ನು ಸರಿಪಡಿಸಿಕೊಳ್ಳಲು ಕೊರತೆಯ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ತೆರಬೇಕಾಗಬಹುದು.

ವಕೀಲರ ಆಯ್ಕೆ ಮತ್ತು ಫೀಸು

ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು ಪಡೆದವರಷ್ಟೇ ವಕೀಲಿ ವೃತ್ತಿ ನಡೆಸಬಹುದು. ಜಾಹೀರಾತು ಮತ್ತು ಕೆಲಸಕ್ಕಾಗಿ ಗಿರಾಕಿ ಹುಡುಕುವುದಕ್ಕೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ ನಿಷೇಧವಿದೆ. ಹೀಗಾಗಿ ವ್ಯಾಪಾರಸ್ಥರು ಹೆಚ್ಚಾಗಿ ಲೆಕ್ಕಪರಿಶೋಧಕರು, ವರ್ತಕರ ಸಂಘಗಳು, ಹಳೆಯ ಕಕ್ಷಿದಾರರ ಮಾತಿನ ಮೇಲೆ ವಕೀಲರನ್ನು ಆರಿಸುತ್ತಾರೆ. ಕರಡು ಬರೆಯುವುದರಲ್ಲಿ ಪಳಗಿದವರೆಲ್ಲ ವಾದ ಮಂಡನೆಯಲ್ಲೂ ಪಳಗಿರುತ್ತಾರೆಂದು ಹೇಳಲಾಗದು. ದೊಡ್ಡ ವ್ಯಾಜ್ಯಗಳಲ್ಲಿ ಇವೆರಡನ್ನೂ ಬೇರೆ ಬೇರೆಯವರಿಗೆ ವಹಿಸುವುದುಂಟು. ಕಂಪನಿಯಲ್ಲಿ ಪೂರ್ಣಾವಧಿ ಸಂಬಳಕ್ಕಿರುವ ಕಾನೂನು ಅಧಿಕಾರಿ ಸಾಮಾನ್ಯವಾಗಿ ವಕೀಲರಾಗಿ ನ್ಯಾಯಾಲಯದಲ್ಲಿ ಹಾಜರಾಗುವಂತಿಲ್ಲವಾದ್ದರಿಂದ ಹೊರಗಿನ ವಕೀಲರು ಬೇಕಾಗುತ್ತಾರೆ. ವಿದೇಶಿ ಕಾನೂನು ಸಂಸ್ಥೆಗಳು ಭಾರತದಲ್ಲಿ ಕಚೇರಿ ತೆರೆದು ವಕೀಲಿ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು.

ಫೀಸು ಕರಡೊಂದಕ್ಕೆ ಇಷ್ಟೆಂದು, ಹಾಜರಾತಿಗೆ ಇಷ್ಟೆಂದು, ಗಂಟೆಗೆ ಇಷ್ಟೆಂದು ಅಥವಾ ತಿಂಗಳ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಗೆದ್ದ ಹಣದಲ್ಲಿ ಪಾಲು ಪಡೆಯುವ ಒಪ್ಪಂದವನ್ನು ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಫೀಸಿನೊಂದಿಗೆ ಕೋರ್ಟ್ ಶುಲ್ಕ, ಟೈಪಿಂಗ್, ಪ್ರಯಾಣದ ಖರ್ಚುಗಳು ಸೇರಿವೆಯೇ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಇಟ್ಟುಕೊಂಡರೆ ಮುಂದಿನ ಮನಸ್ತಾಪ ತಪ್ಪುತ್ತದೆ.

ಕರಾರು ಭಂಗ: ನೋಟಿಸಿನಿಂದ ದಾವೆಯವರೆಗೆ

ಕರಾರು ಭಂಗದ ಪರಿಹಾರಕ್ಕೆ ಸಾಮಾನ್ಯ ಕಾಲಮಿತಿ ಭಂಗವಾದ ದಿನದಿಂದ ಮೂರು ವರ್ಷ. ಲೀಗಲ್ ನೋಟಿಸ್ ಕೊಟ್ಟ ಮಾತ್ರಕ್ಕೆ ಈ ಅವಧಿ ಬೆಳೆಯುವುದಿಲ್ಲ. ಅವಧಿ ಮುಗಿಯುವ ಮುನ್ನ ಎದುರು ಪಕ್ಷ ಬಾಕಿಯನ್ನು ಸಹಿ ಮಾಡಿ ಬರವಣಿಗೆಯಲ್ಲಿ ಒಪ್ಪಿಕೊಂಡರೆ ಹೊಸದಾಗಿ ಎಣಿಕೆ ಆರಂಭವಾಗುತ್ತದೆ. ಭಂಗದಿಂದ ಸಹಜವಾಗಿ ಉಂಟಾದ ನಷ್ಟ ಅಥವಾ ಕರಾರಿನ ವೇಳೆ ಎರಡೂ ಪಕ್ಷಗಳಿಗೆ ತಿಳಿದಿದ್ದ ನಷ್ಟವನ್ನಷ್ಟೇ ಕರಾರು ಕಾಯ್ದೆಯ 73ನೇ ಕಲಮು ಕಟ್ಟಿಕೊಡುತ್ತದೆ. ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ. ಹಣದ ಬದಲು ಕರಾರನ್ನೇ ನೆರವೇರಿಸುವಂತೆ ಆದೇಶ ಕೇಳುವ ಹಕ್ಕನ್ನು ನಿರ್ದಿಷ್ಟ ಪರಿಹಾರ ಕಾಯ್ದೆಗೆ ಆದ 2018ರ ತಿದ್ದುಪಡಿ ಬಲಪಡಿಸಿತು.

3 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ ವಾಣಿಜ್ಯ ವ್ಯಾಜ್ಯಗಳು ವಾಣಿಜ್ಯ ನ್ಯಾಯಾಲಯಗಳಿಗೆ ಹೋಗುತ್ತವೆ. 2018ಕ್ಕೆ ಮುಂಚೆ ಈ ಮಿತಿ 1 ಕೋಟಿ ರೂಪಾಯಿ ಇತ್ತು. ತುರ್ತು ಮಧ್ಯಂತರ ಪರಿಹಾರ ಬೇಡದ ದಾವೆಗಳಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಈ ನಿಯಮ ಕಡ್ಡಾಯವೆಂದೂ ಅದನ್ನು ಬಿಟ್ಟು ಹೂಡಿದ ದಾವೆ ತಿರಸ್ಕೃತವಾಗುತ್ತದೆಂದೂ ಪಾಟೀಲ್ ಆಟೊಮೇಷನ್ ಪ್ರಕರಣದ ತೀರ್ಪು (2022) ಹೇಳಿತು. ಸಮನ್ಸ್ ತಲುಪಿದ 120 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸದ ಪ್ರತಿವಾದಿ ಆ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಆದ್ದರಿಂದ ಸಮನ್ಸ್ ಬಂದ ಮೇಲೆ ವಕೀಲರನ್ನು ಹುಡುಕುತ್ತ ಕೂರಲು ಸಮಯವಿರುವುದಿಲ್ಲ.

ಆರ್ಬಿಟ್ರೇಷನ್

ಪಕ್ಷಗಳು ತಾವೇ ಒಪ್ಪಿದ ಪಂಚರ ಮುಂದೆ ವ್ಯಾಜ್ಯ ತೀರಿಸಿಕೊಳ್ಳುವ ವಿಧಾನವಿದು. ಲಿಖಿತ ಷರತ್ತು ಇದ್ದರೆ, ಎದುರು ಪಕ್ಷ ಸಕಾಲದಲ್ಲಿ ಅದನ್ನು ತೋರಿಸಿದಾಗ ನ್ಯಾಯಾಲಯ ದಾವೆಯನ್ನು ಪಂಚರಿಗೆ ಒಪ್ಪಿಸುತ್ತದೆ. ಷರತ್ತಿನಲ್ಲಿ ಆರ್ಬಿಟ್ರೇಷನ್ನಿನ ಪೀಠ ಯಾವ ಊರು ಎಂಬುದು ನಿರ್ಣಾಯಕ. ಯಾವ ನ್ಯಾಯಾಲಯದ ಮೇಲ್ವಿಚಾರಣೆ ಎಂಬುದು ಅದರಿಂದ ಗೊತ್ತಾಗುತ್ತದೆ. ಫಲಿತಾಂಶದಲ್ಲಿ ಹಿತಾಸಕ್ತಿಯುಳ್ಳ ಪಕ್ಷ ಏಕೈಕ ಪಂಚರನ್ನು ತಾನೊಬ್ಬನೇ ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ ಮೇಲೆ ಹಲವು ಹಳೆಯ ನಮೂನೆಗಳು ಕೆಲಸಕ್ಕೆ ಬಾರದಾದವು. ದೇಶದೊಳಗಿನ ಪ್ರಕರಣಗಳಲ್ಲಿ ಎರಡೂ ಕಡೆಯ ಹೇಳಿಕೆಗಳು ಮುಗಿದ 12 ತಿಂಗಳಲ್ಲಿ ತೀರ್ಪು ಬರಬೇಕು. ಪಕ್ಷಗಳು ಒಪ್ಪಿದರೆ ಇನ್ನಾರು ತಿಂಗಳು ಸಿಗುತ್ತದೆ. ತೀರ್ಪನ್ನು ಪ್ರಶ್ನಿಸಲು ಮೂರು ತಿಂಗಳ ಅವಕಾಶವಿದ್ದು, ಸಕಾರಣವಿದ್ದರೆ ಅದರ ಮೇಲೆ 30 ದಿನ ಮಾತ್ರ ದೊರೆಯುತ್ತದೆ. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಆರ್ಬಿಟ್ರೇಷನ್ ಕೇಂದ್ರವೂ, 2007ರಿಂದ ಮಧ್ಯಸ್ಥಿಕೆ ಕೇಂದ್ರವೂ ಕೆಲಸ ಮಾಡುತ್ತಿವೆ.

ಸಣ್ಣ ಉದ್ದಿಮೆಗಳ ಬಾಕಿ

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಬಿಲ್ಲನ್ನು ಖರೀದಿದಾರರು ಹೆಚ್ಚೆಂದರೆ 45 ದಿನಗಳಲ್ಲಿ ಪಾವತಿಸಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ದೂರನ್ನು ಸೌಲಭ್ಯ ಮಂಡಳಿ ವಿಚಾರಿಸುತ್ತದೆ; ಅದರ ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊತ್ತದ ಶೇ. 75ರಷ್ಟನ್ನು ಠೇವಣಿ ಇಡಬೇಕು.

ಕಕ್ಷಿದಾರರ ಹಕ್ಕುಗಳು

ವೃತ್ತಿ ಸಂಬಂಧದಲ್ಲಿ ಕಕ್ಷಿದಾರ ಹೇಳಿದ್ದನ್ನು ವಕೀಲರು ಅವರ ಸಮ್ಮತಿಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಅಪರಾಧ ಎಸಗುವ ಉದ್ದೇಶದಿಂದ ಹೇಳಿದ ಮಾತಿಗೆ ಈ ರಕ್ಷಣೆಯಿಲ್ಲ. ಫೀಸು ಬಾಕಿಯಿದೆಯೆಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಪಿತ್ತಿತು. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅದೇ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ಹೇಳಿತು. ಆದ್ದರಿಂದ ವೃತ್ತಿ ದುರ್ನಡತೆಯ ದೂರುಗಳನ್ನು ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲಿಸಬೇಕು. ಆರೋಪ ಸಾಬೀತಾದರೆ ಪರಿಷತ್ತಿನ ಶಿಸ್ತು ಸಮಿತಿಯು ವಕೀಲರಿಗೆ ಛೀಮಾರಿ ಹಾಕಬಹುದು, ನಿರ್ದಿಷ್ಟ ಅವಧಿಗೆ ವೃತ್ತಿಯಿಂದ ಅಮಾನತು ಮಾಡಬಹುದು ಅಥವಾ ಅವರ ಹೆಸರನ್ನು ಪಟ್ಟಿಯಿಂದಲೇ ತೆಗೆದುಹಾಕಬಹುದು.