ಅಗ್ಗಕ್ಕೆ ಹೋದ ಕೋವಿಗಳು



ಹಳೆಯ ಕೋವಿಗಳನ್ನು ಮಾರುವ ಅಂಗಡಿಗೆ ಹೋದವರಿಗೆ ಒಂದು ಬಗೆಯ ಆಶೆ ಹುಟ್ಟುವುದುಂಟು. ಧೂಳು ಹಿಡಿದ ಮೂಲೆಯಲ್ಲಿ, ಅಂಗಡಿಯವನಿಗೂ ಬೆಲೆ ತಿಳಿಯದ ಅಪೂರ್ವ ವಸ್ತುವೊಂದು ನಮಗಾಗಿಯೇ ಕಾದಿದೆ ಎಂಬ ಆಶೆ ಅದು. ನಮ್ಮ ಸೀಮೆಯಲ್ಲಿ ಒಮ್ಮೆ ಒಂದು ರಾಜಧಾನಿಯೇ ಇಂಥ ಅಂಗಡಿಯಾಯಿತು.

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಆ ರಾತ್ರಿ ಸೈನಿಕರು ಮನಬಂದಂತೆ ದೋಚಿದರು. ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ ಲೂಟಿಯನ್ನು ನಿಲ್ಲಿಸಬೇಕಾಯಿತು. ಆಮೇಲೆ ನಡೆದುದು ಲೆಕ್ಕವಿಟ್ಟ ಲೂಟಿ. ಪ್ರೈಜ್ ಏಜೆಂಟರೆಂಬ ಅಧಿಕಾರಿಗಳು ಸಿಕ್ಕಿದುದನ್ನೆಲ್ಲ ಪಟ್ಟಿಮಾಡಿ, ಹರಾಜು ಹಾಕಿ, ಬಂದ ಹಣವನ್ನು ಪದವಿಗೆ ತಕ್ಕಂತೆ ಹಂಚಿದರು. ತೋಪುಗಳೇ 929 ಇದ್ದುವು. ಕೋವಿಗಳು ಹತ್ತಾರು ಸಾವಿರ.

ಈ ಕೋವಿಗಳು ಎಂಥವು? ಸೈನ್ಯದ ಸಾಧಾರಣ ಬಂದೂಕುಗಳ ಮಾತನ್ನು ಬಿಡೋಣ. ಸುಲ್ತಾನನ ಸ್ವಂತ ಬಳಕೆಗೆಂದು ಪಟ್ಟಣದಲ್ಲಿ ಮಾಡಿದವುಗಳನ್ನು ನೋಡಿದರೆ ಕುಶಲಕರ್ಮಿಯ ಕೈ ತಾನಾಗಿಯೇ ತಿಳಿಯುತ್ತದೆ. ಚಕಮಕಿ ಕಲ್ಲನ್ನು ಹಿಡಿಯುವ ಕುದುರೆ ಕೆಲವುಗಳಲ್ಲಿ ಹುಲಿಯ ಆಕಾರವನ್ನು ತಾಳಿದೆ. ನಳಿಗೆಯ ಮೇಲೆ ಹುಲಿಯ ಪಟ್ಟೆಗಳು. ಹೈದರ್ ಎಂಬ ಹೆಸರನ್ನು ಅಡಗಿಸಿಟ್ಟ ಮುದ್ರೆ. ಕೆಲವೆಡೆ ಮಾಡಿದವನ ಹೆಸರು. ತೇದಿಯು ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕದ್ದು. ಅವನ ನಾಣ್ಯಗಳಲ್ಲಿರುವಂತೆ ಆ ಶಕದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ತಿಳಿಯದವನಿಗೆ 1224 ಎಂಬುದು 4221 ಎಂದು ಕಾಣುವುದು! ಇದನ್ನು ಓದಲಾರದವನ ಕೈಯಲ್ಲಿ ಆ ಕೋವಿ ಬೆಳ್ಳಿಯ ಅಲಂಕಾರವುಳ್ಳ ಕಬ್ಬಿಣವೇ ಸರಿ.

ಇವು ಆಕಾಶದಿಂದ ಉದುರಿದವಲ್ಲ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡು ಕುಶಲಕರ್ಮಿಗಳನ್ನು ಬೇಡಿದರು. ಸುಬ್ರಹ್ಮಣ್ಯಪುರದ ಕಡೆಯಿಂದ ಕೋಟೆ, ಮಾರುಕಟ್ಟೆಗಳಿಗೆ ಬರುವವರು ಬಲ್ಲ ತಾರಾಮಂಡಲಪೇಟೆಯ ಹೆಸರನ್ನು ಜನರು ಆ ಕಾಲದ ಬಾಣಗಳೊಡನೆ ಜೋಡಿಸಿ ಹೇಳುವರು. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಒಂದು ಸ್ವಾರಸ್ಯವನ್ನು ದಾಖಲೆಮಾಡಿದ್ದಾನೆ. ತೋಪಿನ ನಳಿಗೆಯನ್ನು ಕೊರೆಯಲು ಫ್ರೆಂಚನೊಬ್ಬನು ನೀರಿನಿಂದ ತಿರುಗುವ ಯಂತ್ರವನ್ನು ಕಟ್ಟಿದ್ದನಂತೆ. ಸುಲ್ತಾನನು ನೀರಿನ ಚಕ್ರವನ್ನು ತೆಗೆಸಿ ಎತ್ತುಗಳನ್ನು ಹೂಡಿಸಿದನಂತೆ. ಬುಕಾನನ್ ಇದನ್ನು ಅಜ್ಞಾನವೆಂದು ಎಣಿಸಿದನು. ಬೇಸಿಗೆಯಲ್ಲಿ ಕಾವೇರಿಯ ನೀರು ಎಷ್ಟು ಇಳಿಯುವುದೆಂಬುದನ್ನು ಕಂಡವನಿಗೆ ಅಷ್ಟು ಖಚಿತವಾಗಿ ಹೇಳುವ ಧೈರ್ಯ ಬಾರದು. ಅದು ಹಾಗಿರಲಿ.

ಕೋವಿಗಳು ಹಡಗನ್ನೇರಿ ಹೋದುವು. ಕೆಲವು ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಸೇರಿದರೆ, ಕೆಲವು ಸಾಮಾನ್ಯ ಮನೆಗಳ ಅಟ್ಟವನ್ನು ಸೇರಿದುವು. 2015ರಲ್ಲಿ ಲಂಡನ್ನಿನ ಬಾನ್ಹಮ್ಸ್ ಹರಾಜಿನಲ್ಲಿ ಮೂವತ್ತು ವಸ್ತುಗಳು ಸುಮಾರು 60 ಲಕ್ಷ ಪೌಂಡಿಗೆ ಬಿಕರಿಯಾದುವು. 2019ರಲ್ಲಿ ಬರ್ಕ್‌ಷೈರಿನ ಒಂದು ಮನೆಯಲ್ಲಿದ್ದ ಬೆಳ್ಳಿಕಟ್ಟಿನ ಚಕಮಕಿ ಕೋವಿಯೊಂದೇ 60,000 ಪೌಂಡನ್ನು ತಂದಿತು. 1799ರ ಅಗ್ಗದ ಬೆಲೆಗೂ ಇದಕ್ಕೂ ನಡುವೆ ಇರುವ ವ್ಯತ್ಯಾಸವು ಕಬ್ಬಿಣದ ಬೆಲೆಯಲ್ಲ. ಅದು ಎಲ್ಲಿಂದ ಬಂದಿತು, ಯಾರ ಕೈ ದಾಟಿತು ಎಂಬ ತಿಳಿವಳಿಕೆಯ ಬೆಲೆ. ಹುಲಿಯ ಪಟ್ಟೆಯನ್ನು ಹೊಸದಾಗಿ ಕೆತ್ತಿ ಸಾಧಾರಣ ಕೋವಿಯನ್ನು ಸುಲ್ತಾನನದಾಗಿಸುವುದು ಕಷ್ಟದ ಕೆಲಸವಲ್ಲ. ಆ ತಿಳಿವಳಿಕೆಯನ್ನು ಮಾತ್ರ ಹಾಗೆ ಕೆತ್ತಲಾಗದು.

ಇಂದು ಇಂಥ ವಸ್ತುವನ್ನು ಕೊಳ್ಳಬಯಸುವವರು ಎರಡು ಕಾಯಿದೆಗಳನ್ನು ನೆನೆಯತಕ್ಕದ್ದು. 1959ರ ಶಸ್ತ್ರಗಳ ಕಾಯಿದೆಯು, ರಿಪೇರಿಮಾಡಿದರೂ ಹಾರಿಸಲು ಬಾರದಂಥ ಪುರಾತನ ಕೋವಿಯನ್ನು ತನ್ನ ಹಿಡಿತದಿಂದ ಬಿಡುತ್ತದೆ. ಹಾರುವ ಕೋವಿಗೆ ಲೈಸೆನ್ಸ್ ಬೇಕು. 1972ರ ಪುರಾವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ಇಂಥ ವಸ್ತುವನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಕ್ಕೆ ಕಳುಹಿಸುವಂತಿಲ್ಲ. 1799ರಲ್ಲಿ ಈ ಎರಡನೆಯದೊಂದಿದ್ದಿದ್ದರೆ!

ಎಲ್ಲವೂ ಹೋಗಲಿಲ್ಲವೆಂಬುದೂ ನಿಜ. ಹೈದರನು ಹೈದರನಗರವೆಂದು ಕರೆದ ಬಿದನೂರು, ಅಂದರೆ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, 2018ರಲ್ಲಿ ಬತ್ತಿದ ಬಾವಿಯೊಂದನ್ನು ಅಗೆದಾಗ ಒಂದು ಸಾವಿರಕ್ಕೂ ಮೀರಿದ ಕಬ್ಬಿಣದ ಬಾಣಗಳು ದೊರೆತುವು. ಅವನ್ನು ಯಾರೂ ಕೊಂಡಿರಲಿಲ್ಲ, ಯಾರೂ ಮಾರಿರಲಿಲ್ಲ. ಕೆಸರಿನಲ್ಲಿ ಬಿದ್ದಿದ್ದುವು, ಈಗ ಶಿವಮೊಗ್ಗದ ವಸ್ತುಸಂಗ್ರಹಾಲಯವನ್ನು ಸೇರಿವೆ.