ಪವರ್ ಸ್ಟೇಷನ್ ಮತ್ತು ಆರ್ಕೇಡಿಯಾ (ಡ್ಯುರಾನ್ ಡ್ಯುರಾನ್ ಉಪತಂಡಗಳು)

ಪವರ್ ಸ್ಟೇಷನ್ ಮತ್ತು ಆರ್ಕೇಡಿಯಾ ಇವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಡ್ಯುರಾನ್ ಡ್ಯುರಾನ್ ಎಂಬ ರಾಕ್ ತಂಡದ ಸದಸ್ಯರು 1985ರ ಬಿಡುವಿನ ಅವಧಿಯಲ್ಲಿ ನಡೆಸಿದ ಎರಡು ಉಪತಂಡಗಳು. ಉಪತಂಡವೆಂದರೆ ಮೂಲ ತಂಡವನ್ನು ತೊರೆಯದೆ, ಅದು ವಿಶ್ರಮಿಸುತ್ತಿರುವಾಗ ಅದರ ಕೆಲವು ಸದಸ್ಯರು ಬೇರೊಂದು ಹೆಸರಿನಲ್ಲಿ, ಅನೇಕ ವೇಳೆ ಹೊರಗಿನ ಕಲಾವಿದರೊಡನೆ ಸೇರಿ ಕಟ್ಟುವ ತಂಡ. ವಿಶ್ರಾಂತಿಗೆಂದು ಆರಂಭವಾದ ಈ ಬಿಡುವು ಐವರ ತಂಡವನ್ನು ಮೂವರಿಗೆ ಇಳಿಸಿತು. ಆ ಐವರು ಮತ್ತೆ ಒಂದೇ ವೇದಿಕೆಯಲ್ಲಿ ನುಡಿಸಿದ್ದು 2003ರಲ್ಲಿ.

ಹಿನ್ನೆಲೆ

ಡ್ಯುರಾನ್ ಡ್ಯುರಾನ್ ತಂಡವು 1978ರಲ್ಲಿ ಸ್ಥಾಪನೆಯಾಯಿತು. ಪ್ರಸಿದ್ಧಿಗೆ ಬಂದ ಕಾಲದಲ್ಲಿ ಅದರಲ್ಲಿದ್ದವರು ಗಾಯಕ ಸೈಮನ್ ಲೆ ಬಾನ್, ಕೀಬೋರ್ಡ್ ವಾದಕ ನಿಕ್ ರೋಡ್ಸ್, ಬೇಸ್ ಗಿಟಾರ್ ವಾದಕ ಜಾನ್ ಟೇಲರ್, ಡ್ರಮ್ಸ್ ವಾದಕ ರೋಜರ್ ಟೇಲರ್ ಹಾಗೂ ಗಿಟಾರ್ ವಾದಕ ಆಂಡಿ ಟೇಲರ್. ಮೂವರು ಟೇಲರ್‌ಗಳ ನಡುವೆ ಯಾವ ರಕ್ತಸಂಬಂಧವೂ ಇಲ್ಲ. ಓದುಗರಿಗೆ ಗೊಂದಲವಾಗದಿರಲೆಂದು ಈ ಲೇಖನದಲ್ಲಿ ಅವರನ್ನು ಮೊದಲ ಹೆಸರಿನಿಂದಲೇ ಕರೆಯಲಾಗಿದೆ. ಸಂಗೀತದಷ್ಟೇ ವೀಡಿಯೊಗಳಿಂದಲೂ ಹೆಸರಾದ ತಂಡವಿದು. 1982ರಲ್ಲಿ ಶ್ರೀಲಂಕಾದಲ್ಲಿ ಚಿತ್ರೀಕರಿಸಿದ ಹಾಡುಗಳು ಅಮೆರಿಕದ ಎಂಟಿವಿ ವಾಹಿನಿಯ ಮೂಲಕ ಇವರನ್ನು ಮನೆಮಾತಾಗಿಸಿದವು.

1983ರಲ್ಲಿ ಬಂದ ಮೂರನೆಯ ಆಲ್ಬಂ 'ಸೆವೆನ್ ಅಂಡ್ ದ ರ‍್ಯಾಗ್ಡ್ ಟೈಗರ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಬೆನ್ನಿಗೇ ಕೈಗೊಂಡ ದೀರ್ಘ ಪ್ರವಾಸವು 1984ರ ಏಪ್ರಿಲ್‌ನಲ್ಲಿ ಮುಗಿಯುವಾಗ ಸದಸ್ಯರು ದಣಿದಿದ್ದರು. ದಣಿವಿಗಿಂತ ಆಳವಾದುದು ಅಭಿರುಚಿಯ ಭೇದ. ಜಾನ್ ಮತ್ತು ಆಂಡಿ ಅವರಿಗೆ ಗಟ್ಟಿಯಾದ ಗಿಟಾರ್ ಮತ್ತು ಬಿರುಸಾದ ಲಯ ಬೇಕಿತ್ತು. ಲೆ ಬಾನ್ ಮತ್ತು ರೋಡ್ಸ್ ಅವರ ಒಲವು ಕೀಬೋರ್ಡಿನ ಛಾಯೆಗಳ ಕಡೆಗೆ, ಭಾವಗಾಂಭೀರ್ಯದ ಕಡೆಗೆ ಇತ್ತು. ಮೂಲ ತಂಡದ ಯಶಸ್ಸಿಗೆ ಈ ಎರಡರ ಸೆಣಸಾಟವೇ ಕಾರಣವಾಗಿತ್ತೆಂಬುದು ಎರಡೂ ಉಪತಂಡಗಳ ಹಾಡುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಕೇಳಿದಾಗ ಸ್ಪಷ್ಟವಾಗುತ್ತದೆ.

ಪವರ್ ಸ್ಟೇಷನ್

ಜಾನ್ ಅವರಿಗೆ ಸೆಕ್ಸ್ ಪಿಸ್ಟಲ್ಸ್ ತಂಡದ ಒರಟುತನವನ್ನೂ ಶೀಕ್ ತಂಡದ ನೃತ್ಯಲಯವನ್ನೂ ಬೆಸೆಯುವ ಹಂಬಲ ಮೊದಲಿನಿಂದಲೂ ಇತ್ತು. ಆಂಡಿ ಅವರೊಡನೆ ಸೇರಿ ಅವರು ಶೀಕ್ ತಂಡದ ಡ್ರಮ್ಸ್ ವಾದಕ ಟೋನಿ ಥಾಂಪ್ಸನ್ ಅವರನ್ನೇ ಕರೆತಂದರು. ನಿರ್ಮಾಣದ ಹೊಣೆಯನ್ನು ಅದೇ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ವಹಿಸಿಕೊಂಡರು. ಒಬ್ಬೊಬ್ಬ ಗಾಯಕರಿಂದ ಒಂದೊಂದು ಹಾಡು ಹಾಡಿಸುವ ಯೋಚನೆಯಿತ್ತು. ಆದರೆ ಹಾಡಲು ಬಂದ ರಾಬರ್ಟ್ ಪಾಮರ್ ಅವರ ಕಂಠ ಹೊಂದಿಕೊಂಡ ರೀತಿಯನ್ನು ಕಂಡು ಇಡೀ ಆಲ್ಬಂ ಅವರಿಗೇ ಒಪ್ಪಿಸಲಾಯಿತು. ಧ್ವನಿಮುದ್ರಣ ನಡೆದ ನ್ಯೂಯಾರ್ಕಿನ ಸ್ಟುಡಿಯೊದ ಹೆಸರೇ ತಂಡದ ಹೆಸರಾಯಿತು.

1985ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಆಲ್ಬಂನಲ್ಲಿ ಎಂಟು ಹಾಡುಗಳಿವೆ. 'ಸಮ್ ಲೈಕ್ ಇಟ್ ಹಾಟ್' ಅಮೆರಿಕದ ಪಟ್ಟಿಯಲ್ಲಿ 6ನೆಯ ಸ್ಥಾನವನ್ನೂ, ಟಿ. ರೆಕ್ಸ್ ತಂಡದ ಹಳೆಯ ಹಾಡಿನ ಮರುನಿರೂಪಣೆಯಾದ 'ಗೆಟ್ ಇಟ್ ಆನ್' 9ನೆಯ ಸ್ಥಾನವನ್ನೂ ಪಡೆದವು. ಕೋಣೆಯ ಗೋಡೆಗಳೇ ಕಂಪಿಸುವಂತೆ ಮೊಳಗುವ ಥಾಂಪ್ಸನ್ ಅವರ ಡ್ರಮ್ಸ್ ಈ ಆಲ್ಬಂನ ಜೀವಾಳ.

ಗೆಲುವಿನ ನಡುವೆಯೇ ಪಾಮರ್ ಪ್ರವಾಸಕ್ಕೆ ಬರಲೊಪ್ಪದೆ ತಮ್ಮ ಸ್ವಂತ ಆಲ್ಬಂ 'ರಿಪ್‌ಟೈಡ್' ಪೂರ್ಣಗೊಳಿಸಲು ಮರಳಿದರು. ಅದರ ನಿರ್ಮಾಪಕರೂ ಎಡ್ವರ್ಡ್ಸ್. ಥಾಂಪ್ಸನ್ ಮತ್ತು ಆಂಡಿ ಅದರಲ್ಲಿಯೂ ನುಡಿಸಿದರು. ಅದರ 'ಅಡಿಕ್ಟೆಡ್ ಟು ಲವ್' 1986ರಲ್ಲಿ ಅಮೆರಿಕದ ಮೊದಲ ಸ್ಥಾನಕ್ಕೇರಿತು. ಹೀಗೆ ಉಪತಂಡದಿಂದ ಹೆಚ್ಚು ಲಾಭ ಪಡೆದವರು ಮೂಲ ತಂಡದವರಲ್ಲ, ಹೊರಗಿನಿಂದ ಬಂದ ಗಾಯಕರು. ಪ್ರವಾಸದಲ್ಲಿ ಪಾಮರ್ ಅವರ ಸ್ಥಾನವನ್ನು ಮೈಕೇಲ್ ದೆ ಬಾರ್ ತುಂಬಿದರು.

1985ರ ಜುಲೈ 13

ಇಥಿಯೋಪಿಯದ ಕ್ಷಾಮಪರಿಹಾರಕ್ಕಾಗಿ ನಡೆದ ಲೈವ್ ಏಡ್ ಕಾರ್ಯಕ್ರಮದ ದಿನ ಫಿಲಡೆಲ್ಫಿಯದ ಜಾನ್ ಎಫ್. ಕೆನಡಿ ಕ್ರೀಡಾಂಗಣದಲ್ಲಿ ಜಾನ್ ಮತ್ತು ಆಂಡಿ ಎರಡು ಬಾರಿ ವೇದಿಕೆಯೇರಿದರು: ಒಮ್ಮೆ ಪವರ್ ಸ್ಟೇಷನ್ ಸದಸ್ಯರಾಗಿ, ಮತ್ತೊಮ್ಮೆ ಡ್ಯುರಾನ್ ಡ್ಯುರಾನ್ ಸದಸ್ಯರಾಗಿ. ಬಿಡುವಿನ ನಡುವೆ ಐವರೂ ಸೇರಿ ಜೇಮ್ಸ್ ಬಾಂಡ್ ಚಿತ್ರವೊಂದಕ್ಕೆ ಸಿದ್ಧಪಡಿಸಿದ್ದ ಶೀರ್ಷಿಕೆಗೀತೆ 'ಎ ವ್ಯೂ ಟು ಎ ಕಿಲ್' ಆ ವಾರವೇ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಅದನ್ನು ಹಾಡುವಾಗ ಲೆ ಬಾನ್ ಅವರ ಧ್ವನಿ ತಾರಸ್ಥಾಯಿಯಲ್ಲಿ ಒಡೆಯಿತು. ಲಕ್ಷಾಂತರ ಜನ ನೇರಪ್ರಸಾರದಲ್ಲಿ ಕೇಳಿದ ಆ ಅಪಸ್ವರವೇ ಇಂದಿಗೂ ಪ್ರಸ್ತಾಪವಾಗುತ್ತದೆ. ಆದರೆ ಆ ದಿನದ ನಿಜವಾದ ಮಹತ್ವ ಬೇರೆ. ಮೂಲ ಐವರು ಒಟ್ಟಾಗಿ ನುಡಿಸಿದ್ದು ಅಂದಿಗೆ ನಿಂತು, ಹದಿನೆಂಟು ವರ್ಷ ಮುಂದುವರಿಯಲಿಲ್ಲ.

ಮುಂದಿನ ತಿಂಗಳು ಲೆ ಬಾನ್ ಪಾಲುದಾರರಾಗಿದ್ದ 'ಡ್ರಮ್' ಎಂಬ ಹಾಯಿದೋಣಿಯು ಫಾಸ್ಟ್‌ನೆಟ್ ಸ್ಪರ್ಧೆಯ ವೇಳೆ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಅಡಿಗಟ್ಟು ಮುರಿದು ಮಗುಚಿತು. ದೋಣಿಯೊಳಗೆ ಸಿಕ್ಕಿಬಿದ್ದವರಲ್ಲಿ ಲೆ ಬಾನ್ ಕೂಡ ಒಬ್ಬರು. ರಕ್ಷಣಾ ಸಿಬ್ಬಂದಿಯ ನೆರವಿನಿಂದ ಅವರು ಪಾರಾದರು.

ಆರ್ಕೇಡಿಯಾ

ಲೆ ಬಾನ್, ರೋಡ್ಸ್ ಮತ್ತು ರೋಜರ್ ಸೇರಿದ ಈ ತಂಡದ ಹೆಸರಿಗೆ ಫ್ರೆಂಚ್ ಚಿತ್ರಕಾರ ನಿಕೊಲಾ ಪೂಸಾನ್ ಅವರ ಚಿತ್ರ ಪ್ರೇರಣೆ. ತಂಡದ ಏಕೈಕ ಆಲ್ಬಂ 'ಸೋ ರೆಡ್ ದ ರೋಸ್' ಪ್ಯಾರಿಸ್‌ನಲ್ಲಿ ರೂಪುಗೊಂಡು 1985ರ ನವೆಂಬರ್‌ನಲ್ಲಿ ಹೊರಬಂದಿತು. ನಿರ್ಮಾಪಕರು ಮೂಲ ತಂಡದೊಡನೆ ಹಿಂದೆಯೇ ದುಡಿದಿದ್ದ ಅಲೆಕ್ಸ್ ಸ್ಯಾಡ್ಕಿನ್. ಡೇವಿಡ್ ಗಿಲ್ಮೋರ್, ಸ್ಟಿಂಗ್, ಹರ್ಬಿ ಹ್ಯಾನ್ಕಾಕ್, ಗ್ರೇಸ್ ಜೋನ್ಸ್ ಮೊದಲಾದ ಅತಿಥಿಗಳ ಸಾಲು ದೊಡ್ಡದು. 'ಎಲೆಕ್ಷನ್ ಡೇ' ಅಮೆರಿಕದಲ್ಲಿ 6ನೆಯ, ಬ್ರಿಟನ್ನಿನಲ್ಲಿ 7ನೆಯ ಸ್ಥಾನ ಪಡೆದರೂ ಆಲ್ಬಂ ಅದೇ ಮಟ್ಟದ ಜನಪ್ರೀತಿ ಗಳಿಸಲಿಲ್ಲ. ಆರ್ಕೇಡಿಯಾ ಪ್ರವಾಸ ಕೈಗೊಳ್ಳಲೇ ಇಲ್ಲ. ಇದರ ಹಾಡುಗಳು ನಿಧಾನವಾಗಿ ಮನಸ್ಸಿಗಿಳಿಯುವಂಥವು. ಆದರೆ ಕೆಲವೆಡೆ ಜಾನ್ ಅವರ ಬೇಸ್ ಗಿಟಾರ್ ಇರಬೇಕಿತ್ತೆನಿಸುತ್ತದೆ.

ನಂತರ

1986ರಲ್ಲಿ ಮೂಲ ತಂಡ ಮತ್ತೆ ಸ್ಟುಡಿಯೊಗೆ ಮರಳುವಾಗ ಜನಜಂಗುಳಿಯಿಂದ ಬಳಲಿದ್ದ ರೋಜರ್ ಗ್ರಾಮಾಂತರದ ಶಾಂತಜೀವನವನ್ನು ಆಯ್ದುಕೊಂಡರು. ಆಂಡಿ ಅಮೆರಿಕದಲ್ಲಿ ಸ್ವತಂತ್ರ ಗಾಯಕರಾಗಲು ಹೊರಟಿದ್ದರು. ಕಾನೂನು ತಕರಾರುಗಳ ನಡುವೆ ಕೆಲವೇ ಹಾಡುಗಳಿಗೆ ನುಡಿಸಿ ನಿರ್ಗಮಿಸಿದರು. ಉಳಿದ ಮೂವರು ಶೀಕ್ ತಂಡದ ಇನ್ನೊಬ್ಬ ಸ್ಥಾಪಕ ನೈಲ್ ರಾಜರ್ಸ್ ಅವರ ನಿರ್ಮಾಣದಲ್ಲಿ 'ನೊಟೋರಿಯಸ್' ಆಲ್ಬಂ ಹೊರತಂದರು. ಅದರಲ್ಲಿ ಕೇಳಿಬರುವ ನೃತ್ಯಲಯವು ಪವರ್ ಸ್ಟೇಷನ್ ತುಳಿದ ಹಾದಿಯದೇ ಮುಂದುವರಿಕೆ.

ಮೂಲ ಐವರು 2003ರಲ್ಲಿ ಮತ್ತೆ ಕಛೇರಿ ನೀಡಿದರು; 2004ರಲ್ಲಿ 'ಆಸ್ಟ್ರೊನಾಟ್' ಆಲ್ಬಂ ಬಂದಿತು. ಪವರ್ ಸ್ಟೇಷನ್ ತಂಡವು 1996ರಲ್ಲಿ 'ಲಿವಿಂಗ್ ಇನ್ ಫಿಯರ್' ಎಂಬ ಎರಡನೆಯ ಆಲ್ಬಂ ಹೊರತಂದಿತಾದರೂ ಜಾನ್ ಅದರಿಂದ ನಡುವೆಯೇ ಹಿಂದೆ ಸರಿದಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಎಡ್ವರ್ಡ್ಸ್ ಟೋಕಿಯೊದಲ್ಲಿ ನಿಧನರಾದರು. ಪಾಮರ್ 2003ರ ಸೆಪ್ಟೆಂಬರ್‌ನಲ್ಲಿ, ಥಾಂಪ್ಸನ್ ಅದೇ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡರು.