ನಾಗಪುರದ ಲೆಕ್ಕ: ಇಪ್ಪತ್ತು ವರ್ಷದ ರಸ್ತೆ ಯೋಜನೆಯೊಂದರ ಕಥೆ

ನಾಗಪುರವೆಂದರೆ ನಮ್ಮಲ್ಲಿ ಬಹುಮಂದಿಗೆ ಕಿತ್ತಳೆ ಹಣ್ಣಿನ ಊರು; ಬೆಂಗಳೂರಿನಿಂದ ದೆಹಲಿಗೆ ಹೋಗುವ ರಾಜಧಾನಿ ರೈಲು ಸ್ವಲ್ಪ ಹೊತ್ತು ನಿಂತು ಮುಂದೆ ಸಾಗುವ ಊರು. ಕನ್ನಡನಾಡಿಗೂ ಆ ಊರಿಗೂ ಇರುವ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ನಾಗಪುರದ ಹೆಸರು ಕಾಣಸಿಗುವ ಅತಿ ಹಳೆಯ ದಾಖಲೆಗಳಲ್ಲೊಂದೆಂದು ಇತಿಹಾಸಕಾರರು ಎಣಿಸುವುದು ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಶಾಸನವನ್ನು. ಅದರ ಕಾಲ ಶಕವರ್ಷ 862, ಎಂದರೆ ಕ್ರಿ.ಶ. 940. ಅದನ್ನು ಹೊರಡಿಸಿದವನು ಮಾನ್ಯಖೇಟದ ಅರಸು, ರಾಷ್ಟ್ರಕೂಟ ಮೂರನೆಯ ಕೃಷ್ಣ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ರಾಜಧಾನಿಯನ್ನು ಹೊಂದಿದ್ದ ದೊರೆಯೊಬ್ಬನು ನಾಗಪುರ-ನಂದಿವರ್ಧನ ವಿಷಯದ ಹಳ್ಳಿಯೊಂದನ್ನು ದಾನವಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಅಷ್ಟು ದೂರದ ಹಳ್ಳಿಯ ಮೇಲೆ ಅರಸನ ಮಾತು ನಡೆಯಬೇಕಾದರೆ ನಡುವೆ ದಾರಿಯಿರಲೇಬೇಕು. ಆ ದಾರಿಯ ವಿವರ ಶಾಸನದಲ್ಲಿಲ್ಲ. ದಾನದ ನೆನಪು ಮಾತ್ರ ತಾಮ್ರದಲ್ಲಿ ಉಳಿದಿದೆ.

ದಾರಿಯನ್ನೇ ಅಳೆದು ಬರೆದಿಡುವ ಕೆಲಸ ಬಹಳ ತಡವಾಗಿ ಬಂತು. ಅದರಲ್ಲಿಯೂ ಕನ್ನಡನೆಲಕ್ಕೆ ಪಾಲುಂಟು. ಶ್ರೀರಂಗಪಟ್ಟಣದ ಪತನದ ನಂತರ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ತನ್ನ ಮೊದಲ ಆಧಾರರೇಖೆಯನ್ನು ಅಳೆದನು. ಮಹಾ ತ್ರಿಕೋನಮಿತಿ ಸಮೀಕ್ಷೆಯೆಂದು ಮುಂದೆ ಪ್ರಸಿದ್ಧವಾದ ಕಾರ್ಯ ಮದರಾಸಿನಲ್ಲಿ ಆರಂಭವಾದದ್ದು 1802ರಲ್ಲಿ. ಎರಡು ದಶಕಗಳ ಕಾಲ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಅಳೆಯುತ್ತ ಉತ್ತರಕ್ಕೆ ಸಾಗಿದ ಲ್ಯಾಂಬ್ಟನ್, 1823ರ ಜನವರಿಯಲ್ಲಿ ಹೈದರಾಬಾದಿನಿಂದ ನಾಗಪುರದ ಕಡೆಗೆ ಪಯಣಿಸುತ್ತಿರುವಾಗ ಹಿಂಗಣಘಾಟಿನಲ್ಲಿ ತೀರಿಕೊಂಡನು. ಈಗ ನಾಗಪುರದ ನಡುವೆ ಕುದುರೆಗಳ ಪ್ರತಿಮೆಗಳೊಂದಿಗೆ ನಿಂತಿರುವ ಶೂನ್ಯ ಮೈಲಿಗಲ್ಲು ಅದೇ ಸಮೀಕ್ಷೆಯ ಪರಂಪರೆಗೆ ಸೇರಿದ್ದು. ಅದು ಭಾರತದ ನಟ್ಟನಡು ಬಿಂದುವೆಂಬ ಮಾತು ಜನಪ್ರಿಯವಾಗಿದ್ದರೂ ವಿವಾದಾತೀತವಲ್ಲ. ಹಾಗಿದ್ದರೂ ದೇಶದ ರಸ್ತೆಗಳ ಇತಿಹಾಸದಲ್ಲಿ ನಾಗಪುರಕ್ಕೆ ನಡುಸ್ಥಾನ ದೊರೆತದ್ದು ದಿಟ. ಅದು ದೊರೆತದ್ದು ಒಂದು ಲೆಕ್ಕದ ಮೂಲಕ.

ಆ ಲೆಕ್ಕದ ಹಿನ್ನೆಲೆ ಹೀಗಿದೆ. ಮೊದಲ ಮಹಾಯುದ್ಧದ ನಂತರ ಮೋಟಾರು ವಾಹನಗಳು ಹೆಚ್ಚಿದವು; ಎತ್ತಿನ ಗಾಡಿಗಳಿಗೆಂದು ಮಾಡಿದ ಜಲ್ಲಿ ರಸ್ತೆಗಳು ಅವುಗಳ ವೇಗಕ್ಕೆ ಕಿತ್ತುಹೋಗತೊಡಗಿದವು. ರಸ್ತೆಯ ಹೊಣೆ ಪ್ರಾಂತಗಳದು, ಜಿಲ್ಲಾ ಬೋರ್ಡುಗಳದು. ಅವುಗಳ ಕೈಯಲ್ಲಿ ಹಣವಿರಲಿಲ್ಲ. 1927ರಲ್ಲಿ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ರಸ್ತೆ ರಾಷ್ಟ್ರದ ಹಿತಕ್ಕೆ ಸಂಬಂಧಿಸಿದ ಸಂಗತಿ, ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ವಿಧಿಸಿ ನಿಧಿ ಕೂಡಿಸಬೇಕು ಎಂದು ಅದು ಸಲಹೆಯಿತ್ತಿತು. 1929ರಲ್ಲಿ ಕೇಂದ್ರ ರಸ್ತೆ ನಿಧಿಯೂ 1934ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಇಂಜಿನಿಯರುಗಳ ಸಂಸ್ಥೆಯೂ ಹುಟ್ಟಿದವು. ನಿಧಿ ಬಂತು, ನಿಪುಣರೂ ಒಂದೆಡೆ ಸೇರಿದರು. ಆದರೆ ದೇಶಕ್ಕೆ ಎಷ್ಟು ರಸ್ತೆ ಬೇಕು ಎಂಬ ಸರಳ ಪ್ರಶ್ನೆಗೆ ಉತ್ತರವಿರಲಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿರುವಾಗಲೇ, 1943ರ ಡಿಸೆಂಬರಿನಲ್ಲಿ, ಮುಖ್ಯ ಇಂಜಿನಿಯರುಗಳು ನಾಗಪುರದಲ್ಲಿ ಸಭೆ ಸೇರಿ ಆ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅಲ್ಲಿ ರೂಪುಗೊಂಡದ್ದೇ ‘ನಾಗಪುರ ಯೋಜನೆ’. ಅವಧಿ 1943ರಿಂದ 1963, ಇಪ್ಪತ್ತು ವರ್ಷ. ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂದು ವಿಂಗಡಿಸಿದ್ದು ಆ ಸಭೆಯೇ. ಇಂದಿಗೂ ನಾವು ಬಳಸುವ ಹೆಸರುಗಳು ಇವು. ಸ್ವತಂತ್ರ ಭಾರತದ ಭೂಭಾಗಕ್ಕೆ ಅದು ನಿಗದಿ ಮಾಡಿದ ಗುರಿ ಸುಮಾರು 5,32,700 ಕಿಲೋಮೀಟರು, ಎಂದರೆ ಪ್ರತಿ 100 ಚದರ ಕಿಲೋಮೀಟರಿಗೆ 16 ಕಿಲೋಮೀಟರು ರಸ್ತೆ. ಬೇಸಾಯದ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರವಿರಬಾರದು ಎಂಬುದು ಅದರ ಆಶಯ.

ಗುರಿಯನ್ನು ತಲುಪಲು ಅವರು ಹೂಡಿದ ಸೂತ್ರವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಸ್ವಾರಸ್ಯವಿರುವುದು ಅಲ್ಲಿಯೇ. ಹೆದ್ದಾರಿಗಳಿಗೂ ದೊಡ್ಡ ಜಿಲ್ಲಾ ರಸ್ತೆಗಳಿಗೂ ಒಂದು ಲೆಕ್ಕ. ಬೇಸಾಯದ ನೆಲ ಎಂಟು ಚದರ ಕಿಲೋಮೀಟರಿಗೆ ಒಂದು ಕಿಲೋಮೀಟರು ರಸ್ತೆ. ಬೇಸಾಯವಿಲ್ಲದ ನೆಲವಾದರೆ ಮೂವತ್ತೆರಡು ಚದರ ಕಿಲೋಮೀಟರಿಗೆ ಒಂದು. ಎರಡರಿಂದ ಐದು ಸಾವಿರ ಜನರಿರುವ ಪ್ರತಿ ಊರಿಗೆ 1.6 ಕಿಲೋಮೀಟರು, ಐದು ಸಾವಿರ ಮೀರಿದ ಪ್ರತಿ ಪಟ್ಟಣಕ್ಕೆ 8 ಕಿಲೋಮೀಟರು. ಕೃಷಿ, ಉದ್ಯಮಗಳ ಮುಂದಿನ ಬೆಳವಣಿಗೆಗೆಂದು ನೂರಕ್ಕೆ ಹದಿನೈದು ಸೇರಿಸುವುದು. ಕೊನೆಗೆ ಆ ಪ್ರದೇಶದಲ್ಲಿರುವ ರೈಲುಮಾರ್ಗದ ಉದ್ದವನ್ನು ಕಳೆಯುವುದು. ಸಣ್ಣ ರಸ್ತೆಗಳಿಗೆ ಇನ್ನೊಂದು ಲೆಕ್ಕ: ಐನೂರರೊಳಗೆ ಜನರಿರುವ ಹಳ್ಳಿಗೆ ಮೈಲಿಯ ಐದನೆಯ ಒಂದು ಪಾಲು, ಸಾವಿರದವರೆಗಿನದಕ್ಕೆ ಅರ್ಧ ಮೈಲಿ, ಎರಡು ಸಾವಿರದವರೆಗಿನದಕ್ಕೆ ಒಂದು ಮೈಲಿ, ಅದಕ್ಕೂ ದೊಡ್ಡದಕ್ಕೆ ಎರಡು ಮೈಲಿ.

ಕ್ಯಾಲ್ಕುಲೇಟರು ಇಲ್ಲದ ಕಾಲದಲ್ಲಿ, ಜನಗಣತಿಯ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಯಾವ ಜಿಲ್ಲೆಯ ಇಂಜಿನಿಯರಾದರೂ ಮಾಡಬಹುದಾಗಿದ್ದ ಲೆಕ್ಕ ಇದು. ಯಾವ ಜಮೀನ್ದಾರನ ಬಾಗಿಲಿಗೆ ರಸ್ತೆ ಹೋಗಬೇಕೆಂಬುದರ ಬದಲು ಎಷ್ಟು ಜನಕ್ಕೆ ಎಷ್ಟು ರಸ್ತೆ ಎಂದು ಕೇಳಿದ್ದು ಅದರ ದೊಡ್ಡಗುಣ. ನಾನೂರು ಜನರ ಹಳ್ಳಿಗೆ ಸಿಗುವುದು ಮುನ್ನೂರಿಪ್ಪತ್ತು ಮೀಟರೇ ಇರಬಹುದು. ಆದರೂ ಆ ಹಳ್ಳಿ ದೇಶದ ಲೆಕ್ಕದಲ್ಲಿ ಒಂದು ಅಂಕಿಯಾಗಿ ಸೇರಿತು. ಇದನ್ನು ನಾವು ಹಗುರವಾಗಿ ಕಾಣಲಾಗದು.

ಆದರೆ ಪ್ರತಿಯೊಂದು ಲೆಕ್ಕಕ್ಕೂ ಕಾಣದ ಮೂಲೆಗಳಿರುತ್ತವೆ. ಮುನ್ನೂರಿಪ್ಪತ್ತು ಚದರ ಕಿಲೋಮೀಟರು ಬಯಲುಸೀಮೆಗೆ ಈ ಸೂತ್ರದಲ್ಲಿ ನಲವತ್ತು ಕಿಲೋಮೀಟರು ರಸ್ತೆ ಬಂದರೆ, ಅಷ್ಟೇ ವಿಸ್ತಾರದ ಕಾಡುಸೀಮೆಗೆ ಬರುವುದು ಹತ್ತು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕವನ್ನೇ ನಂಬಿದ ಮಲೆನಾಡಿನ ಮನೆಗಳನ್ನು ಬಲ್ಲ ನಮಗೆ ಈ ಭಾಗಾಕಾರದ ಅರ್ಥವನ್ನು ಬೇರೆಯವರು ಹೇಳಬೇಕಿಲ್ಲ. ರೈಲಿನ ಉದ್ದವನ್ನು ಕಳೆದದ್ದೂ ಹಾಗೆಯೇ. ವಾಡಿ, ಶಹಾಬಾದುಗಳ ಮೂಲಕ ರೈಲು ಹಾದುಹೋಗುತ್ತದೆ ನಿಜ. ನಿಲ್ದಾಣವಿಲ್ಲದ ಹಳ್ಳಿಯ ಒಕ್ಕಲಿಗೆ ಹಳಿಯ ಮೇಲೆ ಓಡುವ ಬಂಡಿಯಿಂದ ಆಗುವ ಲಾಭವೇನು? ಅವನ ತೊಗರಿಚೀಲ ಹೋಗಬೇಕಾದದ್ದು ಎತ್ತಿನ ಗಾಡಿಯಲ್ಲಿಯೇ.

ಎಲ್ಲಕ್ಕಿಂತ ವಿಚಿತ್ರವಾದುದು ನಾಗಪುರದ್ದೇ ಗತಿ. 1941ರ ಜನಗಣತಿಯ ವೇಳೆಗೆ ಆ ನಗರದಲ್ಲಿ ಸುಮಾರು ಮೂರು ಲಕ್ಷ ಜನರಿದ್ದರು. ಸೂತ್ರದ ಪ್ರಕಾರ ಐದು ಸಾವಿರ ದಾಟಿದ ಪಟ್ಟಣಕ್ಕೆ ಎಂಟು ಕಿಲೋಮೀಟರು; ಮೂರು ಲಕ್ಷ ದಾಟಿದ ನಗರಕ್ಕೂ ಅದೇ ಎಂಟು ಕಿಲೋಮೀಟರು! ದೇಶಕ್ಕೆಲ್ಲ ದಾರಿಯ ಲೆಕ್ಕ ಹಾಕಿಕೊಟ್ಟ ಊರು ಆ ಲೆಕ್ಕದಲ್ಲಿ ಕಸಬೆಯೊಂದಕ್ಕೆ ಸಮನಾಗಿತ್ತು. ಭಾರತವನ್ನು ಹಳ್ಳಿಗಳ ದೇಶವೆಂದು ನೋಡಿದ ಕಣ್ಣಿಗೆ ನಗರಗಳ ಬೆಳವಣಿಗೆ ಗೋಚರಿಸಿರಲಿಲ್ಲ.

ಯೋಜನೆಯ ಒಟ್ಟು ಗುರಿ ಅವಧಿಗೆ ಮುನ್ನವೇ ಈಡೇರಿತು. 1947ರ ಏಪ್ರಿಲ್ 1ರಿಂದ ರಾಷ್ಟ್ರೀಯ ಹೆದ್ದಾರಿಗಳ ಹಣದ ಹೊಣೆಯನ್ನು ಕೇಂದ್ರ ಸರ್ಕಾರ ವಹಿಸಿಕೊಂಡಿತು. 1956ರಲ್ಲಿ ಅದಕ್ಕೊಂದು ಕಾಯಿದೆಯೂ ಬಂತು. ವಾರಾಣಸಿಯಿಂದ ನಾಗಪುರ, ಹೈದರಾಬಾದ್, ಬೆಂಗಳೂರುಗಳನ್ನು ಹಾದು ಕನ್ಯಾಕುಮಾರಿಗೆ ಸೇರಿದ ಏಳನೆಯ ಹೆದ್ದಾರಿ ಈ ವ್ಯವಸ್ಥೆಯ ಕೂಸು. ಬಾಗೇಪಲ್ಲಿ, ಚಿಕ್ಕಬಳ್ಳಾಪುರಗಳವರು ಅದನ್ನು ಇಂದು 44 ಎಂಬ ಹೊಸ ಅಂಕಿಯಿಂದ ಬಲ್ಲರು. ಉದ್ದವೇನೋ ಬೆಳೆಯಿತು. ಆದರೆ ಸೇತುವೆಯಿಲ್ಲದ, ಮಳೆ ಬಂದರೆ ಕಡಿದುಹೋಗುವ ರಸ್ತೆಯೂ ಆ ಉದ್ದದಲ್ಲಿಯೇ ಸೇರಿತ್ತು.

ಆಗ ಬಂದದ್ದು ಪರಿಷ್ಕರಣೆ. 1961ರಿಂದ 1981ರವರೆಗಿನ ಎರಡನೆಯ ಯೋಜನೆ ಬೊಂಬಾಯಿಯ ಹೆಸರಿನಿಂದ ಪ್ರಸಿದ್ಧವಾಯಿತು. ಹಿಂದಿನವರ ಲೆಕ್ಕವನ್ನು ಅದು ತೆಗೆದುಹಾಕಲಿಲ್ಲ, ತಿದ್ದಿತು. ಬೇಸಾಯದ ನೆಲ, ಬರಿಯ ನೆಲ ಎಂಬ ಎರಡರ ನಡುವೆ ಅರೆ ಅಭಿವೃದ್ಧಿಯ ನೆಲವೆಂಬ ಮೂರನೆಯದನ್ನು ಸೇರಿಸಿತು. ರೈಲಿನ ಉದ್ದವನ್ನು ಕಳೆಯುವುದನ್ನು ಕೈಬಿಟ್ಟಿತು. ಲಕ್ಷ ಜನ ದಾಟಿದ ನಗರಗಳನ್ನು ಬೇರೆಯಾಗಿಯೇ ಎಣಿಸಿ, ಹೆದ್ದಾರಿಯ ಲೆಕ್ಕದಲ್ಲಿ ಒಂದೊಂದಕ್ಕೆ 32 ಕಿಲೋಮೀಟರು ಕೊಟ್ಟಿತು. ಒಟ್ಟು ಗುರಿ ಇಮ್ಮಡಿಯಾಗಿ 100 ಚದರ ಕಿಲೋಮೀಟರಿಗೆ 32 ಕಿಲೋಮೀಟರಾಯಿತು. ಅದರ ನಂತರದ ಲಖನೌ ಯೋಜನೆ 1981ರಿಂದ 2001ರವರೆಗಿನದು. ಗುರಿ 82 ಕಿಲೋಮೀಟರು. ಐನೂರು ಜನ ಮೀರಿದ ಪ್ರತಿ ಹಳ್ಳಿಗೂ ಸರ್ವಋತು ರಸ್ತೆ ಬೇಕೆಂಬ ಮಾತು ಅದರಲ್ಲಿ ಸ್ಪಷ್ಟವಾಯಿತು. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆ ಐನೂರರ ಗೆರೆಯನ್ನು ಬೆಟ್ಟಸೀಮೆಗೆ ಇನ್ನೂರೈವತ್ತಕ್ಕೆ ಇಳಿಸಿತು. 1943ರ ಭಾಗಾಕಾರದಲ್ಲಿ ಹಿಂದುಳಿದ ಬೆಟ್ಟದ ಹಳ್ಳಿಯ ಹೆಸರು ಪಟ್ಟಿಗೆ ಬರಲು ಅರ್ಧ ಶತಮಾನಕ್ಕೂ ಮಿಕ್ಕು ಕಾಲ ಹಿಡಿಯಿತು.

ಇತ್ತ ನಾಗಪುರ ನಗರ ತನ್ನ ಪಾಡಿಗೆ ಬೆಳೆಯಿತು. 1956ರ ರಾಜ್ಯ ಪುನರ್ವಿಂಗಡಣೆ ಕನ್ನಡಿಗರನ್ನು ಒಂದುಗೂಡಿಸಿತು. ಅದೇ ನವೆಂಬರ್ 1ರಂದು ನಾಗಪುರ ರಾಜಧಾನಿಯ ಪಟ್ಟವನ್ನು ಕಳೆದುಕೊಂಡಿತು. ಆದರೂ ಜನ ಬಂದರು. 2011ರ ಹೊತ್ತಿಗೆ ಇಪ್ಪತ್ತನಾಲ್ಕು ಲಕ್ಷ. ಮೆಟ್ರೋ ರೈಲಿಗೆ 2014ರ ಆಗಸ್ಟಿನಲ್ಲಿ ಶಂಕುಸ್ಥಾಪನೆಯಾಗಿ, ಮೊದಲ ತುಣುಕು 2019ರ ಮಾರ್ಚಿನಲ್ಲಿ ತೆರೆಯಿತು. ಎರಡು ಮಾರ್ಗಗಳು ಸೀತಾಬರ್ಡಿಯಲ್ಲಿ ಕೂಡುತ್ತವೆ. ಗಡ್ಡಿಗೋದಾಮಿನಲ್ಲಿ ನೆಲದ ರಸ್ತೆ, ಅದರ ಮೇಲೆ ರೈಲು ಹಳಿ, ಅದರ ಮೇಲೆ ಮೇಲ್ಸೇತುವೆ, ಎಲ್ಲಕ್ಕೂ ಮೇಲೆ ಮೆಟ್ರೋ ಎಂದು ನಾಲ್ಕು ಅಂತಸ್ತಿನ ದಾರಿಯಿದೆ. ಇಂಜಿನಿಯರುಗಳ ಕೈಚಳಕಕ್ಕೆ ಮೆಚ್ಚಲೇಬೇಕು. ಆದರೆ ಮೆಟ್ರೋ ಹತ್ತಿದವರ ಸಂಖ್ಯೆ ಮೊದಲ ವರ್ಷಗಳಲ್ಲಿ ಯೋಜನೆಯ ಅಂದಾಜಿಗಿಂತ ಬಹಳ ಕಡಿಮೆಯಾಗಿತ್ತು. ನಿಲ್ದಾಣದಿಂದ ಮನೆಗೆ ಹೋಗುವ ಕೊನೆಯ ಒಂದೆರಡು ಮೈಲಿ, ಬಸ್ಸು, ಕಾಲುದಾರಿ ಇವು ಅಂದಾಜಿನೊಳಗೆ ಸರಿಯಾಗಿ ಕೂಡದಿದ್ದರೆ ಎಷ್ಟೇ ಎತ್ತರದ ಸೇತುವೆಯಾದರೂ ಜನರನ್ನು ತರಲಾರದು. ಹಳೆಯ ಸೂತ್ರ ನಗರವನ್ನು ಕಾಣಲಿಲ್ಲ; ಹೊಸ ಸೂತ್ರ ನಡೆಯುವವನನ್ನು ಕಾಣದೆ ಹೋಗುವ ಭಯವಿದೆ.

ಆದ್ದರಿಂದಲೇ ಯೋಜನೆಯನ್ನು ಮಾಡುವಷ್ಟೇ ಅದನ್ನು ಕಾಲಕಾಲಕ್ಕೆ ತಿದ್ದುವುದೂ ಮುಖ್ಯ. ಕಾನೂನು ಇದನ್ನು ಬಲ್ಲದು. ಮಹಾರಾಷ್ಟ್ರದ 1966ರ ಕಾಯಿದೆ ನಗರದ ಅಭಿವೃದ್ಧಿ ಯೋಜನೆಯನ್ನು ಇಪ್ಪತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆನ್ನುತ್ತದೆ. ಕರ್ನಾಟಕದ 1961ರ ಕಾಯಿದೆ ಹತ್ತು ವರ್ಷಕ್ಕೊಮ್ಮೆ. ನಡೆದದ್ದೇನು? ಬೆಂಗಳೂರಿಗೆ 2007ರಲ್ಲಿ ಮಂಜೂರಾದ ಮಹಾಯೋಜನೆ 2015ಕ್ಕೆಂದು ಬರೆದದ್ದು. 2031ರ ಕರಡು 2017ರಲ್ಲಿ ಹೊರಬಂದು, ಆಕ್ಷೇಪಣೆಗಳ ನಡುವೆ ಹಿಂದಕ್ಕೆ ಹೋಯಿತು. ಅವಧಿ ಮುಗಿದ ಪಂಚಾಂಗವನ್ನು ನೋಡಿ ನಡೆಯುವ ನಗರದಂತೆ ನಮ್ಮ ರಾಜಧಾನಿ ಬಾಳುತ್ತ ಬಂದಿದೆ.

ಇಲ್ಲಿ ಹೊರನಾಡಿನಲ್ಲಿರುವ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕರಡು ಯೋಜನೆ ಪ್ರಕಟವಾದಾಗ ನಾಗರಿಕರು ಆಕ್ಷೇಪಣೆ, ಸಲಹೆಗಳನ್ನು ಬರೆದು ಕೊಡಲು ಕಾಲಾವಕಾಶವಿರುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದಿದ್ದೇವೆ? ಇದ್ದ ಊರಿನ ಪ್ರಕಟಣೆ ಮರಾಠಿಯಲ್ಲಿದೆ, ಇದು ನಮ್ಮ ಊರಲ್ಲ ಎಂದು ಬದಿಗಿಟ್ಟೆವು. ಬಿಟ್ಟುಬಂದ ಊರಿನ ಕರಡನ್ನು, ಈಗ ಅಲ್ಲಿಲ್ಲವಲ್ಲ ಎಂದು ಓದಲಿಲ್ಲ. ಹೀಗೆ ಎರಡೂ ಊರುಗಳ ಲೆಕ್ಕದಿಂದ ನಾವಾಗಿಯೇ ಹೊರಗುಳಿದೆವು. ದಿನವೂ ಅದೇ ಬಸ್ಸಿಗೆ ಕಾಯುವವರು, ಅದೇ ರಸ್ತೆ ದಾಟಿ ಮಕ್ಕಳನ್ನು ಶಾಲೆಗೆ ಬಿಡುವವರು ನಾವೇ ಆಗಿದ್ದೂ ಹೀಗಾಯಿತು.

ದೇವಳಿಯ ತಾಮ್ರಶಾಸನದಲ್ಲಿ ದಾನವಾದ ಹಳ್ಳಿಯ ನಾಲ್ಕು ದಿಕ್ಕಿನ ಎಲ್ಲೆಯನ್ನೂ ಬರೆದಿದೆ. ಮಳಖೇಡದ ಅರಮನೆಯಲ್ಲಿ ಕುಳಿತವನಿಗೆ ಆ ಎಲ್ಲೆ ತಿಳಿದಿರಲು ಹೇಗೆ ಸಾಧ್ಯ? ಅಲ್ಲಿ ಇದ್ದವರು ಯಾರೋ ಹೇಳಿರಬೇಕು. ನಾವು ಇರುವ ಊರಿನ ಮುಂದಿನ ಕರಡು ಬಂದಾಗ, ನಮ್ಮ ಓಣಿಯ ಎಲ್ಲೆಯನ್ನು ಹೇಳಬೇಕಾದವರು ನಾವು.